ರಸ್ತೆ ಸುರಕ್ಷತಾ ಅನುದಾನದ ಕಡತಗಳು ಮಳೆಗಾಲ ಮುಗಿಯುವುದರೊಳಗೆ ಇತ್ಯರ್ಥವಾಗಲಿ: ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ,
ಉಡುಪಿ ಜಿಲ್ಲೆ, ಮಣಿಪಾಲ

ಇಂದ,
ಕಟಪಾಡಿ–ಶಿರ್ವ ರಸ್ತೆ ಪರಿಸರದ ನಿವಾಸಿಗಳು ಮತ್ತು ಶಾಲಾ ಮಕ್ಕಳ ಹೆತ್ತವರು,
ಕಾಪು ತಾಲೂಕು

ವಿಷಯ: ರಾಜ್ಯದ ರಸ್ತೆ ಸುರಕ್ಷತಾ ನಿಧಿಯಿಂದ ಅನುದಾನ ಪಡೆಯಲು ಬೇಕಾದ ದಾಖಲೆಗಳನ್ನು ಒಂದೇ ಬಾರಿಗೆ ತಿಳಿಸಿ, ನಿಗದಿತ ಅವಧಿಯಲ್ಲಿ ಕಡತ ವಿಲೇವಾರಿ ಮಾಡುವ ಕುರಿತು.

ಮಾನ್ಯರೇ,

ಕಟಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ಶಿರ್ವದ ಕಡೆಗೆ ಹೋಗುವ ರಸ್ತೆಯ ಒಂದು ತಿರುವಿಗೆ ತಾಗಿಯೇ ನಮ್ಮ ಮಕ್ಕಳ ಶಾಲೆ ಇದೆ. ಒಂದು ಬದಿಯಲ್ಲಿ ಗುಡ್ಡ ಕಡಿದ ಬರೆ, ಇನ್ನೊಂದು ಬದಿಯಲ್ಲಿ ತೋಡು. ಮಳೆ ಹಿಡಿಯಿತೆಂದರೆ ಬರೆಯ ಮೇಲಿನ ಪೊದೆಗಳು ರಸ್ತೆಗೆ ಬಾಗುತ್ತವೆ. ಎದುರಿನ ವಾಹನ ತೀರಾ ಹತ್ತಿರ ಬರುವ ತನಕ ಕಾಣುವುದಿಲ್ಲ. ಬಸ್ಸು ನಿಲ್ಲುವುದು ತಿರುವು ಕಳೆದ ಕೂಡಲೇ. ಇಳಿದ ಮಕ್ಕಳು ಬಸ್ಸಿನ ಹಿಂದೆಯೇ ಕೊಡೆ ಬಿಡಿಸಿ ರಸ್ತೆ ದಾಟುತ್ತಾರೆ. ಬೀಸುವ ಗಾಳಿಮಳೆಗೆ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದ ಮಗುವಿಗೆ ಕೆಂಪುಕಲ್ಲಿನ ಲಾರಿ ಬರುವುದು ಕಾಣಿಸದು. ಬೈಕ್ ಸವಾರರು ಇಲ್ಲಿ ಬಿದ್ದು ಕೈಕಾಲು ಮುರಿದುಕೊಂಡಿದ್ದಾರೆ. ಇದುವರೆಗೆ ಜೀವ ಹೋಗಿಲ್ಲ ಎಂಬುದು ನಮ್ಮ ಪುಣ್ಯ.

ನಾವು ಕೇಳಿದ್ದು ತಿರುವಿನ ಎರಡೂ ಕಡೆ ಎಚ್ಚರಿಕೆ ಫಲಕ, ನಿಯಮದಂತೆ ಕಟ್ಟಿದ ಹಂಪ್ಸ್, ಶಾಲೆಯ ಗೇಟಿನೆದುರು ಜೀಬ್ರಾ ಪಟ್ಟಿ, ಸೌರಶಕ್ತಿಯ ಒಂದು ಬ್ಲಿಂಕರ್ ದೀಪ, ತೋಡಿನ ಬದಿಗೆ ತಡೆಬೇಲಿ. ದೊಡ್ಡ ಮೊತ್ತದ ಕಾಮಗಾರಿ ಇದಲ್ಲ. ಹಣವಿಲ್ಲ ಎಂದು ಯಾವ ಕಚೇರಿಯಲ್ಲೂ ನಮಗೆ ಹೇಳಿಲ್ಲ. ದಾಖಲೆ ಪೂರ್ಣವಾಗಿಲ್ಲ ಎಂಬ ಷರಾದೊಂದಿಗೆ ಕಡತ ಮಾತ್ರ ಹಿಂದಕ್ಕೆ ಬರುತ್ತಲೇ ಇದೆ.

ದಾಖಲೆ ಕೇಳುವುದೇ ತಪ್ಪು ಎಂಬುದು ನಮ್ಮ ವಾದವಲ್ಲ. ಊರವರು ಒತ್ತಾಯಿಸಿದರೆಂದು ರಾತ್ರಿ ಬೆಳಗಾಗುವುದರೊಳಗೆ ಹಾಕಿದ ಹಂಪ್ಸ್‌ಗಳಲ್ಲಿ ಸ್ಕೂಟರ್ ಹಾರಿ ಹಿಂಬದಿ ಕುಳಿತ ಹೆಂಗಸರು ಬಿದ್ದದ್ದನ್ನು ಈ ಭಾಗದ ಎಲ್ಲರೂ ಬಲ್ಲರು. ಹಂಪ್ಸ್ ಎಂದರೆ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಮುಂಚಿತವಾಗಿ ಕಾಣುವ ಫಲಕ ಮತ್ತು ಬಣ್ಣ ಇರಬೇಕೆಂದು, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆ ಮಾನದಂಡಕ್ಕೆ ತಪ್ಪಿ ಸಾವು, ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ ಅವಕಾಶ ಕೊಡುತ್ತದೆ. ಹೀಗಿರುವಾಗ ಇಂಜಿನಿಯರರು ನಕ್ಷೆ, ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ ಇಲ್ಲದೆ ಕೈ ಹಾಕದಿರುವುದು ನ್ಯಾಯವೇ. ಬ್ಲಿಂಕರ್‌ನ ಬ್ಯಾಟರಿ ಸತ್ತರೆ ಬದಲಿಸುವವರು ಯಾರು ಎಂದು ಬರೆಸಿಕೊಳ್ಳುವ ನಿರ್ವಹಣಾ ಮುಚ್ಚಳಿಕೆಯೂ ಅಗತ್ಯ. ಉರಿಯದ ಬ್ಲಿಂಕರ್‌ಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ನಮ್ಮನ್ನು ಸೋಲಿಸುತ್ತಿರುವುದು ಈ ದಾಖಲೆಗಳನ್ನು ಕೇಳುವ ರೀತಿ. ಏನೇನು ಬೇಕು ಎಂಬ ಪಟ್ಟಿಯನ್ನು ಒಮ್ಮೆಯೂ ಪೂರ್ತಿಯಾಗಿ ಕೊಟ್ಟಿಲ್ಲ. ಪಂಚಾಯತ್ ನಿರ್ಣಯ ಕೊಟ್ಟ ಮೇಲೆ ಅದರ ದೃಢೀಕೃತ ನಡಾವಳಿ ಬೇಕೆಂದರು. ಅದು ಸಿಕ್ಕಿದ ಮೇಲೆ ರಸ್ತೆಯ ಗಡಿ ಗುರುತಿಸಿದ ನಕ್ಷೆ ಇಲ್ಲ ಎಂದರು. ನಕ್ಷೆ ತರುವಷ್ಟರಲ್ಲಿ ದರಪಟ್ಟಿ ಪರಿಷ್ಕರಣೆಯಾಗಿ ಅಂದಾಜುಪಟ್ಟಿಯನ್ನೇ ಹೊಸದಾಗಿ ಮಾಡಬೇಕಾಯಿತು. ಸೌರಶಕ್ತಿಯಿಂದ ಉರಿಯುವ ದೀಪಕ್ಕೂ ವಿದ್ಯುತ್ ಸಂಪರ್ಕದ ನಿರಾಕ್ಷೇಪಣಾ ಪತ್ರ ಕೇಳಿದರು. ಇವೆಲ್ಲ ಮುಗಿದಾಗ, ಬೇರೆ ಊರಿನ ಹಳೆಯ ಕಾಮಗಾರಿಯೊಂದರ ಹಣ ಬಳಕೆ ಪ್ರಮಾಣಪತ್ರ ಬಾಕಿ ಇರುವುದರಿಂದ ಹೊಸ ಪ್ರಸ್ತಾವ ಮುಂದಕ್ಕೆ ಹೋಗುವುದಿಲ್ಲ ಎಂಬ ಉತ್ತರ ಬಂತು. ಯಾರೋ ಲೆಕ್ಕ ಕೊಡದಿದ್ದರೆ ನಮ್ಮ ಮಕ್ಕಳು ಕಾಯಬೇಕೇ?

ಅಪಘಾತಗಳ ವಿವರದ ವಿಷಯವನ್ನು ಪ್ರತ್ಯೇಕವಾಗಿ ತಮ್ಮ ಗಮನಕ್ಕೆ ತರಬೇಕು. ಮೂರು ಕ್ಯಾಲೆಂಡರ್ ವರ್ಷಗಳ ಪ್ರಕರಣಗಳ ಪಟ್ಟಿ ಕೇಳುತ್ತಾರೆ. 2023, 2024, 2025ರ ಪಟ್ಟಿಯಲ್ಲಿ 2024ರ ಜೂನ್ 30ರವರೆಗಿನ ಪ್ರಕರಣಗಳು ಭಾರತೀಯ ದಂಡ ಸಂಹಿತೆಯ 279, 338ನೇ ಕಲಂಗಳಲ್ಲಿವೆ; ಜುಲೈ 1ರಿಂದೀಚಿನವು ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281, 125(ಬಿ) ಕಲಂಗಳಲ್ಲಿವೆ. ಕಾನೂನು ಬದಲಾದದ್ದು ದೇಶಕ್ಕೇ ಗೊತ್ತು. ಆದರೂ ಕಲಂಗಳು ಪರಸ್ಪರ ಹೊಂದುವುದಿಲ್ಲ ಎಂದು ಬರೆದು ಒಂದು ಕಚೇರಿ ಪಟ್ಟಿಯನ್ನು ವಾಪಸ್ ಮಾಡಿತು. ಪೊಲೀಸರು ಸ್ಥಳದಿಂದಲೇ ಅಪಘಾತದ ಅಕ್ಷಾಂಶ ರೇಖಾಂಶ ಸಮೇತ ವಿವರ ದಾಖಲಿಸುವ ಐರಾಡ್, ಇ–ಡಾರ್ ವ್ಯವಸ್ಥೆ ಈಗ ಇದೆ. ಅಲ್ಲಿರುವ ಮಾಹಿತಿಯನ್ನು ಸಮಿತಿಯೇ ತೆಗೆದುಕೊಳ್ಳಬಹುದು. ಹೆತ್ತವರು ಠಾಣೆಗೆ ಹೋಗಿ ಅರ್ಜಿ ಬರೆದು ತರಬೇಕಾದ ಅಗತ್ಯ ನಮಗೆ ಅರ್ಥವಾಗುತ್ತಿಲ್ಲ.

ಇದಕ್ಕಿಂತಲೂ ನೋವಿನ ಸಂಗತಿ ಇನ್ನೊಂದಿದೆ. ನಮ್ಮ ಸ್ಥಳ ಬ್ಲ್ಯಾಕ್ ಸ್ಪಾಟ್ (ಪದೇ ಪದೇ ಅಪಘಾತವಾಗುವ ಜಾಗ) ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಆದ್ಯತೆ ಇಲ್ಲ ಎನ್ನುತ್ತಾರೆ. ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಆಗಿರಬೇಕು ಎಂಬ ವ್ಯಾಖ್ಯೆಯನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮಾಡಿರುವುದು ರಾಷ್ಟ್ರೀಯ ಹೆದ್ದಾರಿಗಳಿಗಾಗಿ. ಅದೇ ಅಳತೆಗೋಲನ್ನು ಹಳ್ಳಿಯ ಶಾಲೆಯ ತಿರುವಿಗೆ ಹಿಡಿದರೆ, ಅರ್ಜಿಯ ಜೊತೆ ನಾವು ಲಗತ್ತಿಸಬೇಕಾದ ದಾಖಲೆ ಸಾವಿನದೇ ಆಗುತ್ತದೆ. ಇಲ್ಲಿ ನಡೆಯುವ ಅಪಘಾತಗಳಲ್ಲಿ ಹೆಚ್ಚಿನವು ಸ್ಥಳದಲ್ಲೇ ರಾಜಿಯಾಗಿ, ಚಿಕಿತ್ಸೆಯ ಖರ್ಚು ಕೊಟ್ಟು ಮುಗಿಯುತ್ತವೆ. ಪ್ರಥಮ ವರ್ತಮಾನ ವರದಿ ಆಗುವುದೇ ಇಲ್ಲ. ಶಾಲೆಯ ಮುಖ್ಯೋಪಾಧ್ಯಾಯರ ಪತ್ರ, ವಾಹನಗಳ ವೇಗದ ಅಳತೆ, ಇಂಜಿನಿಯರರ ಸ್ಥಳ ಪರಿಶೀಲನಾ ವರದಿ ಇವುಗಳನ್ನೂ ಆಧಾರವೆಂದು ಪರಿಗಣಿಸಲು ತಮ್ಮ ಸಮಿತಿ ನಿರ್ಣಯಿಸಬೇಕು. ಶಾಲೆ, ಅಂಗನವಾಡಿ, ಆಸ್ಪತ್ರೆ ಎದುರಿನ ಸಣ್ಣ ಕಾಮಗಾರಿಗಳಿಗೆ ಬ್ಲ್ಯಾಕ್ ಸ್ಪಾಟ್ ಷರತ್ತು ಇರಲೇಬಾರದು.

ಇನ್ನು ಮಳೆಯ ವಿಚಾರ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಾಮರು ಕೆಲಸ ನಡೆಯುವುದಿಲ್ಲ. ಜೀಬ್ರಾ ಪಟ್ಟಿಗೆ ಬಳಸುವ ಥರ್ಮೋಪ್ಲಾಸ್ಟಿಕ್ ಬಣ್ಣವನ್ನು ಕಾಯಿಸಿ ಎರೆಯುವುದರಿಂದ ರಸ್ತೆಯ ಮೈ ಚೆನ್ನಾಗಿ ಒಣಗಿರಬೇಕು. ತೇವದ ಮೇಲೆ ಹಾಕಿದರೆ ಒಂದೇ ತಿಂಗಳಲ್ಲಿ ಎದ್ದು ಬರುತ್ತದೆ. ಘಟ್ಟದ ಮೇಲಿನ ಜಿಲ್ಲೆಗಳಿಗೆ ಹೊಂದುವ ವೇಳಾಪಟ್ಟಿ ಇಲ್ಲಿಗೆ ಹೊಂದುವುದಿಲ್ಲ. ಕಡತಕ್ಕೆ ಫೆಬ್ರವರಿಯಲ್ಲಿ ಮಂಜೂರಾತಿ ಸಿಕ್ಕಿದರೆ ಟೆಂಡರ್ ಮುಗಿಯುವ ಮೊದಲೇ ಮಾರ್ಚ್ 31 ಬರುತ್ತದೆ. ಹಣ ಉಳಿದರೂ ಕಾರ್ಯಾದೇಶ ಕೈಗೆ ಬರುವಾಗ ಮುಂಗಾರು ಬಾಗಿಲಿಗೆ ಬಂದಿರುತ್ತದೆ. ಶಾಲೆ ಮತ್ತೆ ತೆರೆಯುವುದೂ ಅದೇ ಹೊತ್ತಿಗೆ. ಮಳೆಗಾಲದ ನಾಲ್ಕು ತಿಂಗಳು ಹೊರಗಿನ ಕೆಲಸ ನಿಂತಿರುತ್ತದೆ, ಕಚೇರಿಯೊಳಗಿನ ಕೆಲಸ ನಿಲ್ಲಬೇಕಾಗಿಲ್ಲ. ಪರಿಶೀಲನೆ, ನಕ್ಷೆ, ಅಂದಾಜುಪಟ್ಟಿ, ಮಂಜೂರಾತಿ, ಟೆಂಡರ್ ಎಲ್ಲವನ್ನೂ ಆ ಅವಧಿಯಲ್ಲಿ ಮುಗಿಸಿದರೆ ನವರಾತ್ರಿಯ ಹೊತ್ತಿಗೆ ಕಾಮಗಾರಿ ಆರಂಭಿಸಬಹುದು.

ಇದು ಅಸಾಧ್ಯವೆಂದು ನಮಗೆ ಅನಿಸುವುದಿಲ್ಲ. ಕರ್ನಾಟಕ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರ ಅಧಿನಿಯಮ, 2017 ರಸ್ತೆ ಸುರಕ್ಷತೆಗೆಂದೇ ನಿಧಿಗೆ ಅವಕಾಶ ಮಾಡಿದೆ. ಅದೇ ವರ್ಷ ನವೆಂಬರ್ 30ರಂದು ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯ ಸಮಿತಿಗೂ ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾಗಿರಬೇಕು, ಪೊಲೀಸ್ ವರಿಷ್ಠಾಧಿಕಾರಿ, ಲೋಕೋಪಯೋಗಿ ಇಂಜಿನಿಯರರು, ಹೆದ್ದಾರಿ ಪ್ರಾಧಿಕಾರದ ಪ್ರತಿನಿಧಿ, ಸಾರಿಗೆ ಅಧಿಕಾರಿ, ಆರೋಗ್ಯಾಧಿಕಾರಿಗಳು ಹಾಗೂ ನಾಗರಿಕ ಸಮಾಜದವರು ಅದರಲ್ಲಿರಬೇಕು ಎಂದು ನಿರ್ದೇಶಿಸಿತು. ನಾವು ಸಹಿಗಾಗಿ ಅಲೆಯುವ ಕಚೇರಿಗಳ ಮುಖ್ಯಸ್ಥರಲ್ಲಿ ಹೆಚ್ಚಿನವರು ತಮ್ಮ ಮುಂದಿನ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅವರು ಒಂದು ದಿನ ಒಟ್ಟಾಗಿ ಸ್ಥಳಕ್ಕೆ ಬಂದು ಜಂಟಿ ಪರಿಶೀಲನೆ ನಡೆಸಿ ಒಂದೇ ವರದಿಗೆ ಸಹಿ ಹಾಕಿದರೆ ಬಿಡಿಬಿಡಿ ನಿರಾಕ್ಷೇಪಣಾ ಪತ್ರಗಳ ಅಗತ್ಯವೇ ಬೀಳದು.

ಆದುದರಿಂದ ಅನುದಾನಕ್ಕೆ ಬೇಕಾದ ದಾಖಲೆಗಳ ಸಂಪೂರ್ಣ ಪಟ್ಟಿಯನ್ನು, ಪ್ರತಿಯೊಂದನ್ನೂ ಯಾವ ಕಚೇರಿ ಎಷ್ಟು ದಿನಗಳಲ್ಲಿ ಕೊಡಬೇಕೆಂಬ ವಿವರದೊಂದಿಗೆ, ಕನ್ನಡದಲ್ಲಿ ಎಲ್ಲ ಗ್ರಾಮ ಪಂಚಾಯತ್ ಕಚೇರಿಗಳಲ್ಲಿ ಪ್ರಕಟಿಸಬೇಕು. ಆಕ್ಷೇಪಣೆಗಳಿದ್ದರೆ ಎಲ್ಲವನ್ನೂ ಸೇರಿಸಿ ಒಂದೇ ಹಿಂಬರಹದಲ್ಲಿ ತಿಳಿಸಬೇಕು; ಪಟ್ಟಿಯಲ್ಲಿ ಇಲ್ಲದ ದಾಖಲೆಯನ್ನು ಆಮೇಲೆ ಕೇಳಬಾರದು. ಕಡತದ ಬೆನ್ನು ಹತ್ತುವ ಕೆಲಸಕ್ಕೆ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕು. ಒಂದು ಊರಿನ ಹಣ ಬಳಕೆ ಪ್ರಮಾಣಪತ್ರ ಬಾಕಿ ಇದ್ದರೆ ಅದಕ್ಕೆ ಹೊಣೆಯಾದ ಸಂಸ್ಥೆಯಿಂದ ವಸೂಲು ಮಾಡಿಕೊಳ್ಳಬೇಕು, ಉಳಿದ ಊರುಗಳ ಪ್ರಸ್ತಾವ ತಡೆಯಬಾರದು. ಈ ಬದಲಾವಣೆಗಳಲ್ಲಿ ಯಾವುದಾದರೂ ರಾಜ್ಯ ಮಟ್ಟದಲ್ಲೇ ಆಗಬೇಕಿದ್ದರೆ ತಮ್ಮ ಶಿಫಾರಸಿನೊಂದಿಗೆ ಸರಕಾರಕ್ಕೆ ಬರೆಯಬೇಕು.

ನಮ್ಮ ಸ್ಥಳದ ನಕ್ಷೆ, ಪಂಚಾಯತ್ ನಿರ್ಣಯ, ಛಾಯಾಚಿತ್ರಗಳು ಮತ್ತು ಇದುವರೆಗೆ ಬಂದ ಹಿಂಬರಹಗಳ ಪ್ರತಿಗಳನ್ನು ಇದರೊಂದಿಗೆ ಇಟ್ಟಿದ್ದೇವೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಮನವಿಯನ್ನು ಸೇರಿಸಿ, ನಮ್ಮಲ್ಲಿ ಇಬ್ಬರಿಗೆ ಸಭೆಯಲ್ಲಿ ಮಾತನಾಡಲು ಅವಕಾಶ ಕೊಡಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ: ಬರೆಯ ಮೇಲಿನ ಪೊದೆ ಕಡಿಸುವುದು. ಅದಕ್ಕೆ ಅನುದಾನ ಬೇಡ, ತಮ್ಮ ಒಂದು ಸೂಚನೆ ಸಾಕು.

ತಮ್ಮ ವಿಶ್ವಾಸಿಗಳು,
ಕಟಪಾಡಿ–ಶಿರ್ವ ರಸ್ತೆ ಪರಿಸರದ ನಿವಾಸಿಗಳು ಮತ್ತು ಹೆತ್ತವರು
(ಸಹಿಗಳನ್ನು ಲಗತ್ತಿಸಿದೆ)