ಅಡುಗೆ ಆಮೇಲೂ ಕಲಿಯಬಹುದು

ಪ್ರೀತಿಯ ಅಕ್ಕ,

ನಾನಿಲ್ಲಿ ಆರಾಮಾಗಿದ್ದೇನೆ. ಮಕ್ಕಳಿಗೆ 18 ತುಂಬುವುದರೊಳಗೆ ಏನೇನು ಕಲಿಸಿರಬೇಕು ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಈ ಪತ್ರ. ಬರೆಯುತ್ತಾ ಹೋದರೆ ಪಟ್ಟಿ ಮುಗಿಯಲೇ ಇಲ್ಲ. ಅರ್ಧ ಹೊಡೆದು ಹಾಕಿದೆ.

ಅಡುಗೆ, ಬಟ್ಟೆ ಒಗೆಯುವುದು, ಗುಂಡಿ ಹೊಲಿಯುವುದು ಎಲ್ಲ ಬೇಕು, ಇಲ್ಲ ಅನ್ನಲ್ಲ. ಆದರೆ ಅವನ್ನು ಬೇಕಾದ ದಿನ ಫೋನ್ ನೋಡಿಕೊಂಡೂ ಕಲಿಯಬಹುದು. ನನ್ನ ಜೊತೆ ರೂಮಿನಲ್ಲಿರುವವರು ಹಾಗೇ ಕಲಿತರು. ಒಂದೆರಡು ಸಲ ಸೀದು ಹೋಗುತ್ತದೆ, ಅಷ್ಟೇ. ಬೇಕಾದ ಹೊತ್ತಿಗೆ ಕಲಿಯಲು ಪುರುಸೊತ್ತೇ ಸಿಗದ ಕೆಲಸಗಳಿವೆ ನೋಡು, ನನಗೆ ಅವುಗಳದ್ದೇ ಚಿಂತೆ.

ಮೊದಲು ನೀರು. ಪದಕ ಗೆಲ್ಲುವ ಈಜು ಬೇಡ. ಬಿದ್ದರೆ ಅಂಗಾತ ತೇಲಿ ಉಸಿರಾಡಲು ಬಂದರೆ ಸಾಕು. ಇನ್ನೊಬ್ಬರು ಮುಳುಗುತ್ತಿದ್ದರೆ ತಾವೇ ಹಾರಬಾರದು ಅನ್ನೋದನ್ನೂ ಹೇಳಿಕೊಡು. ಹಗ್ಗ, ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು, ಕೂಗಿ ಜನ ಸೇರಿಸಬೇಕು. ಗೆಳೆಯನನ್ನು ಉಳಿಸಲು ಹೋಗಿ ಇನ್ನೊಬ್ಬನೂ ಹೋದ ಸುದ್ದಿ ನಾವು ಎಷ್ಟು ಓದಿಲ್ಲ!

ಆಮೇಲೆ ಬೆಂಕಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಯಾರಿಗಾದರೂ ಮೊದಲು ನೆನಪಾಗೋದು ನೀರು. ಅದನ್ನೇ ಹಾಕಬಾರದು. ನೀರು ಎಣ್ಣೆಯ ಕೆಳಗಿಳಿದು, ತಕ್ಷಣ ಆವಿಯಾಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ. ಒಲೆ ಹಚ್ಚದೆ, ಖಾಲಿ ಬಾಣಲೆ ಇಟ್ಟು ಮಕ್ಕಳ ಕೈಯಲ್ಲೇ ಮಾಡಿಸು. ಮೊದಲು ಒಲೆ ಆರಿಸುವುದು, ಆಮೇಲೆ ತಟ್ಟೆಯನ್ನು ಪಕ್ಕದಿಂದ ಜಾರಿಸಿ ಮುಚ್ಚುವುದು, ತಣ್ಣಗಾಗುವ ತನಕ ತೆಗೆಯದಿರುವುದು. ಸುಮ್ನೆ ಬಾಯಲ್ಲಿ ಹೇಳಿದರೆ ಗಾಬರಿಯಲ್ಲಿ ನೆನಪಿಗೆ ಬರಲ್ಲ. ಕೈ ಸುಟ್ಟರೆ ಪೇಸ್ಟೂ ಬೇಡ, ಐಸೂ ಬೇಡ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು.

ದುಡ್ಡಿನ ವಿಷಯದಲ್ಲಿ ಒಂದೇ ಲೆಕ್ಕ ಸಾಕು. 72ನ್ನು ವರ್ಷದ ಬಡ್ಡಿ ದರದಿಂದ ಭಾಗಿಸಿದರೆ, ಬಡ್ಡಿಗೂ ಬಡ್ಡಿ ಸೇರುತ್ತಾ ಹೋಗುವ ದುಡ್ಡು ಸುಮಾರು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ಗೊತ್ತಾಗುತ್ತದೆ. ಶೇಕಡಾ 8ಕ್ಕೆ ಇಟ್ಟ ಉಳಿತಾಯಕ್ಕೆ 9 ವರ್ಷ ಬೇಕು. 'ತಿಂಗಳಿಗೆ ಬರೀ 3 ಪರ್ಸೆಂಟ್', ಅಂದರೆ ವರ್ಷಕ್ಕೆ 36, ಅಂತ ತಂದ ಸಾಲ ಕಟ್ಟದೆ ಬಿಟ್ಟರೆ ಎರಡೇ ವರ್ಷಕ್ಕೆ ಎರಡರಷ್ಟು. ಮಕ್ಕಳೇ ಭಾಗಿಸಿ ನೋಡಲಿ.

ಕೊನೆಯದು ಎಲ್ಲಕ್ಕಿಂತ ಕಷ್ಟ. ಎಡವಟ್ಟಾದಾಗ ಮುಚ್ಚಿಡದೆ ಮನೆಯಲ್ಲಿ ಹೇಳುವುದು. ಯಾರಿಗೋ ಓಟಿಪಿ ಕೊಟ್ಟುಬಿಟ್ಟರೆ ಆ ಕ್ಷಣವೇ ಬ್ಯಾಂಕಿಗೆ ತಿಳಿಸಬೇಕು. ತಡವಾದಷ್ಟೂ ದುಡ್ಡು ಕೈ ತಪ್ಪುತ್ತದೆ. ಯಾರಾದರೂ ಫೋಟೋ ಇಟ್ಟುಕೊಂಡು ಹೆದರಿಸಿದರೂ ಅಷ್ಟೇ, ಮಗು ಒಂಟಿಯಾಗಿದ್ದಷ್ಟು ದಿನ ಅವರಿಗೇ ಲಾಭ. ಆದರೆ ಬೈಗುಳ ಕಾದಿದೆ ಅಂತ ಗೊತ್ತಿದ್ದರೆ ಯಾವ ಮಗು ಬಾಯಿ ಬಿಡುತ್ತದೆ? ಗಾಜಿನ ಲೋಟ ಒಡೆದಾಗ ನೀನು ಹೇಗೆ ಮಾತಾಡುತ್ತೀಯ ಅಂತ ಅವರು ಈಗಲೇ ನೋಡುತ್ತಿದ್ದಾರೆ. ಕೋಪ ಮಾಡ್ಕೋಬೇಡ, ನಿನಗಿಂತ ಭಾವನಿಗೇ ಈ ಮಾತು ಜಾಸ್ತಿ ಬೇಕು.

ಈಜು ಕ್ಲಾಸಿಗೆ ಈ ರಜೆಯಲ್ಲೇ ಸೇರಿಸು. ಭಾವನನ್ನೂ ಸೇರಿಸು, ಅವರಿಗೂ ಈಜು ಬರಲ್ಲ ಅಲ್ವಾ?

ನಿನ್ನ ತಮ್ಮ