ಸೆಪಿಕ್ ನದಿಯಲ್ಲಿ ಕೈಹಿಡಿದವರಿಗೆ

ಪಪುವಾ ನ್ಯೂಗಿನಿಯಲ್ಲಿ ವೆವಾಕ್‌ನಿಂದ ಬರುವ ರಸ್ತೆ ಪಾಗ್ವಿಯಲ್ಲಿ ಮುಗಿಯುತ್ತದೆ. ಮುಂದೆ ಸೆಪಿಕ್ ನದಿಯೇ ದಾರಿ. ಮಿಷನ್ ಕೇಂದ್ರ ತೆರೆಯಲು ಯಾವ ಹಳ್ಳಿಯವರು ಒಪ್ಪುತ್ತಾರೆಂದು ವಿಚಾರಿಸಲು ನಾವು ಮೋಟಾರು ದೋಣಿಯಲ್ಲಿ ನದಿದಡದ ಅಂಬುಂಟಿ ಊರು ದಾಟಿ ಮೇಲಕ್ಕೆ ಹೊರಟಿದ್ದೆವು. ಸುಮಾರು 1,100 ಕಿಲೋಮೀಟರ್ ಉದ್ದದ ಈ ನದಿ ಮಳೆಗಾಲದಲ್ಲಿ ಇಡೀ ಮರಗಳನ್ನೇ ಹೊತ್ತು ತರುತ್ತದೆ. ಅಂಥದ್ದೊಂದು ದಿಮ್ಮಿ ಬಡಿದು, ಮೋಟಾರಿಗೆ ಪಂಖವನ್ನು ಜೋಡಿಸುವ ಪಿನ್ ತುಂಡಾಯಿತು. ಎಂಜಿನ್ ಮೊರೆಯುತ್ತಿತ್ತು, ಪಂಖ ತಿರುಗುತ್ತಿರಲಿಲ್ಲ. ಮೊಸಳೆಗಳಿರುವ ನೀರು, ಇಳಿಯುತ್ತಿದ್ದ ಸಂಜೆ, ಫೋನಿಗೆ ಸಿಗ್ನಲ್ ಇಲ್ಲ. ನನ್ನ ಕೈಕಾಲು ತಣ್ಣಗಾಗಿದ್ದವು.

ಮೀನು ಹಿಡಿದು ಮನೆಗೆ ಹೊರಟಿದ್ದ ನೀವು ನಮ್ಮನ್ನು ಕಂಡು ದೋಣಿ ತಿರುಗಿಸಿದಿರಿ. ಹಗ್ಗ ಎಸೆದು, ಹುಟ್ಟು ಹಾಕುತ್ತಲೇ ನಮ್ಮನ್ನು ಸೆಳೆತವಿಲ್ಲದ ದಡಕ್ಕೆ ಎಳೆದಿರಿ. ಚೀಲದಿಂದ ಮೊಳೆಯೊಂದನ್ನು ತೆಗೆದು, ತೂತಿಗೆ ಹಿಡಿದು ಅಳೆದು, ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿದು, ಮಚ್ಚಿನ ಹಿಂಬದಿಯಿಂದ ಮೆಲ್ಲಗೆ ಬಡಿದು ಕೂರಿಸಿದಿರಿ. ಅಷ್ಟರಲ್ಲಿ ನಿಮ್ಮ ಪುಟ್ಟ ಮಗಳು ತನ್ನ ಪಾಲಿನ, ಸಾಗು ಎಂಬ ತಾಳೆ ಜಾತಿಯ ಮರದ ಹಿಟ್ಟಿನ ರೊಟ್ಟಿಯನ್ನು ನಮಗೆ ಮುರಿದು ಕೊಟ್ಟಳು.

ಪಂಖ ತಿರುಗಿದಾಗ ನನ್ನ ಕಣ್ಣು ತುಂಬಿತ್ತು. ಹಣ ಬೇಡವೆಂದಿರಿ. ಇನ್ನೊಂದು ಮೊಳೆಯನ್ನು ಕೈಗಿಟ್ಟು, ದಾರಿಯಲ್ಲಿ ಬೇಕಾಗಬಹುದು ಎಂದಿರಿ. ಕತ್ತಲಾಗುವ ಮೊದಲೇ ಹಳ್ಳಿ ಸೇರಿದೆವು ಅಣ್ಣಾ. ನಿಮಗೂ ಮಗಳಿಗೂ ತುಂಬು ಹೃದಯದ ಧನ್ಯವಾದ.