ಮೇಷ್ಟ್ರ ಟಿಪ್ಪಣಿಗಳನ್ನು ಉಳಿಸಿಕೊಳ್ಳೋಣ

ಮಾನ್ಯ ಸಂಪಾದಕರೇ,

ನಿವೃತ್ತಿಯಾದ ಮೇಲೆ ಸುತ್ತಲಿನ ವೀರಗಲ್ಲು (ಹೋರಾಡಿ ಮಡಿದವರ ನೆನಪಿನ ಕಲ್ಲು), ಮಾಸ್ತಿಕಲ್ಲು (ಸಹಗಮನ ಮಾಡಿದ ಹೆಂಗಸರ ನೆನಪಿನ ಕಲ್ಲು), ಹಳೆಯ ಕೆರೆ ಏರಿ, ಬೆಟ್ಟದ ಕೋಟೆಗಳ ಜಾಡು ಹಿಡಿದು, ರಜೆಯ ದಿನಗಳಲ್ಲಿ ಮಕ್ಕಳನ್ನೂ ಆಸಕ್ತರನ್ನೂ ಕರೆದೊಯ್ದು, ಯಾರಿಂದಲೂ ಹಣ ಪಡೆಯದೆ ವಿವರಿಸುವ ಶಿಕ್ಷಕರು ನಾಡಿನ ಹಲವೆಡೆ ಇದ್ದಾರೆ. ಅಂಥ ಮೇಷ್ಟ್ರೊಬ್ಬರ ಜೊತೆ ನಡೆದಾಡಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹೊಲದ ಬದುವಿನಲ್ಲಿ ಅರ್ಧ ಹೂತ ವೀರಗಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ, ಅದನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗುವಂತೆ ಅವರು ಹೇಳುತ್ತಾರೆ: ಬುಡದಲ್ಲಿ ಕಾಳಗ, ಅದರ ಮೇಲೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗಪೂಜೆ ಮತ್ತು ಸೂರ್ಯಚಂದ್ರರು. ದನಗಳ ಸಾಲು ಕಂಡರೆ ಅದು ಬಹುಮಟ್ಟಿಗೆ ತುರು ಕಾಯಲು ಹೋರಾಡಿ ಸತ್ತವನ ಕಲ್ಲು. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುವ ಕ್ರಿ.ಶ. 950ರ ಆತಕೂರು ಶಾಸನದ ವಿಷಯ ಬಂದರೆ ಹಿಂದಿನ ಸಾಲಿನ ಮಕ್ಕಳೂ ಮುಂದೆ ಬರುತ್ತಾರೆ. ಸವೆದ ಅಕ್ಷರಗಳಿಗೆ ಸೀಮೆಸುಣ್ಣ ಬಳಿಯಲು ಅವರು ಬಿಡುವುದಿಲ್ಲ. ಇಳಿಬಿಸಿಲು ಬೀಳುವವರೆಗೆ ಕಾಯುತ್ತಾರೆ, ಇಲ್ಲವೇ ಪಕ್ಕದಿಂದ ಟಾರ್ಚನ್ನು ಓರೆಯಾಗಿ ಹಿಡಿಸುತ್ತಾರೆ, ಆಗ ಗೀರುಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಕಾಣುತ್ತದೆ. ಊರವರ ಮಾತು ಯಾವುದು, ಕಲ್ಲಿನಲ್ಲಿ ಇರುವುದು ಯಾವುದು ಎಂಬುದನ್ನು ಅವರು ಬೇರೆ ಬೇರೆಯಾಗಿಯೇ ಹೇಳುತ್ತಾರೆ. ನನ್ನ ಮಟ್ಟಿಗೆ ಇದೇ ಅವರ ಬಹುದೊಡ್ಡ ಪಾಠ. ಬೆಟ್ಟದ ದಾರಿಯಲ್ಲೂ ಅದೇ ಶಿಸ್ತು: ನಿಧಾನವಾಗಿ ನಡೆಯುವವರು ಮುಂದೆ, ತಾವು ಕೊನೆಗೆ, ಗುಡುಗು ಕೇಳಿಸಿದರೆ ತುದಿಯ ಆಸೆ ಬಿಟ್ಟು ಎಲ್ಲರನ್ನೂ ಇಳಿಸುತ್ತಾರೆ.

ಶಾಸನತಜ್ಞ ಬಿ.ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಸಾವಿರಾರು ಶಾಸನಗಳ ಪಾಠ ಅಚ್ಚಾಗಿದೆ ನಿಜ. ಆದರೆ ಆ ಕಲ್ಲುಗಳಲ್ಲಿ ಯಾವುದು ರಸ್ತೆ ಅಗಲೀಕರಣದಲ್ಲಿ ಮಣ್ಣು ಪಾಲಾಯಿತು, ಯಾವುದು ಗುಡಿಯ ಜೀರ್ಣೋದ್ಧಾರದಲ್ಲಿ ಮೆಟ್ಟಿಲಾಯಿತು, ಯಾವುದರ ಬುಡವನ್ನು ನಿಧಿಗಳ್ಳರು ಅಗೆದರು ಎಂಬುದು ಅನೇಕ ಕಡೆ ಇಂಥ ಮೇಷ್ಟ್ರಿಗೆ ಮಾತ್ರ ಗೊತ್ತು. ಪ್ರಾಚೀನ ಸ್ಮಾರಕಗಳ ಕುರಿತ 1961ರ ರಾಜ್ಯ ಕಾಯ್ದೆಯ ರಕ್ಷಣೆ ಸಿಗುವುದು ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ. ಹೊಲಗದ್ದೆಗಳಲ್ಲಿರುವ ಬಹುಪಾಲು ಕಲ್ಲುಗಳು ಆ ಪಟ್ಟಿಯ ಹೊರಗೇ ಇವೆ.

ಈ ಹಿರಿಯರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರೆ ಸಾಲದು. ಹತ್ತಿರದ ಪದವಿ ಕಾಲೇಜಿನ ಇತಿಹಾಸ ವಿಭಾಗವು ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಅವರ ಜೊತೆ ಕಳುಹಿಸಿ, ಪ್ರತಿ ಕಲ್ಲಿನ ಪಕ್ಕದಲ್ಲೂ ಅಳತೆಪಟ್ಟಿ ಇಟ್ಟು ತೆಗೆದ ಛಾಯಾಚಿತ್ರ, ಸ್ಥಳ, ದಿನಾಂಕ ಮತ್ತು ಮಾಹಿತಿ ಕೊಟ್ಟವರ ಹೆಸರನ್ನು ದಾಖಲಿಸಲಿ. ಮೇಷ್ಟ್ರ ಕೈಬರಹದ ಟಿಪ್ಪಣಿಗಳನ್ನು ಒಪ್ಪಿಗೆ ಪಡೆದು ಸ್ಕ್ಯಾನ್ ಮಾಡಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ಇನ್ನೊಂದನ್ನು ಪುರಾತತ್ವ ಇಲಾಖೆಯಲ್ಲೂ ಇಡಬೇಕು. ಆದರೆ ಕಾವಲಿಲ್ಲದ ಕಲ್ಲುಗಳ ನಿಖರ ಸ್ಥಳವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕುವುದು ಬೇಡ. ಅದು ನಿಧಿಗಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಈ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಾಗದಿರುವುದರಿಂದ, ಮೇಷ್ಟ್ರುಗಳು ಇನ್ನೂ ಬೆಟ್ಟ ಹತ್ತುವ ಶಕ್ತಿಯಲ್ಲಿರುವಾಗಲೇ, ಬರುವ ಶೈಕ್ಷಣಿಕ ವರ್ಷದಿಂದ ಇದನ್ನು ಆರಂಭಿಸಬೇಕೆಂದು ಕಾಲೇಜುಗಳನ್ನೂ ಇಲಾಖೆಯನ್ನೂ ಕೋರುತ್ತೇನೆ.

ಇಂತಿ,
ಒಬ್ಬ ಓದುಗ